ಗದ್ದೆಗೆ ಹಾಕಿದ ಗೊಬ್ಬರ ಹೊಳೆಗೆ ಇಳಿಯುವ ದಾರಿ

ಹೊಸಪೇಟೆ ಹತ್ತಿರದ ತುಂಗಭದ್ರಾ ಜಲಾಶಯದ ನೀರು ಹಸಿರಾಗಿದೆ ಅನ್ನುವ ಸುದ್ದಿ ಕೆಲವು ವರ್ಷಗಳಿಂದ ಆಗಾಗ ಬರುತ್ತಿದೆ. ಬಂದಾಗಲೆಲ್ಲ ನಾಲ್ಕು ದಿನ ಗಲಾಟೆ. ಕಾರ್ಖಾನೆ ನೀರು ಅಂತ ಒಬ್ಬರು, ಊರ ಚರಂಡಿ ಅಂತ ಇನ್ನೊಬ್ಬರು, ರೈತರು ಸುರಿಯುವ ಗೊಬ್ಬರ ಅಂತ ಮತ್ತೊಬ್ಬರು. ಮೂರರಲ್ಲೂ ನಿಜ ಇದೆ. ಮೊದಲೆರಡಕ್ಕಾದರೆ ಒಂದು ಪೈಪು ಇರುತ್ತದೆ, ಬೊಟ್ಟು ಮಾಡಿ ತೋರಿಸಬಹುದು. ಮೂರನೆಯದಕ್ಕೆ ಪೈಪೇ ಇಲ್ಲ. ಲಕ್ಷಾಂತರ ಹೊಲಗದ್ದೆಗಳಿಂದ ಚೂರು ಚೂರೇ ಇಳಿದು ಬರುತ್ತದೆ. ಹಾಗಾಗಿ ಅದರ ಬಗ್ಗೆ ಬೈಗುಳ ಜಾಸ್ತಿ, ತಿಳಿವಳಿಕೆ ಕಮ್ಮಿ. ಇಲ್ಲಿ ಅದನ್ನೇ ಬಿಡಿಸಿ ನೋಡೋಣ.

ಈ ಜಲಾಶಯಕ್ಕೆ ನೀರು ಎಲ್ಲಿಂದ ಬರುತ್ತದೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಸೇರುತ್ತವೆ. ಅಷ್ಟರೊಳಗೆ ಕಾಫಿ, ಅಡಿಕೆ, ಭತ್ತ ಎಲ್ಲದರ ನೀರೂ ಬಂದು ಬಿದ್ದಿರುತ್ತದೆ. ಆಮೇಲೆ ಭದ್ರಾ ನಾಲೆಯ ಕೆಳಗಿನ ದಾವಣಗೆರೆ ಸೀಮೆಯ ಗದ್ದೆಗಳು, ಹರಿಹರ, ರಾಣೆಬೆನ್ನೂರು, ಹಾವೇರಿಯ ಮೆಕ್ಕೆಜೋಳದ ಹೊಲಗಳು, ವರದಾ ನದಿ. ಇಷ್ಟೆಲ್ಲ ಹಾದು ಬಂದ ನೀರು ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಹರಿಯುವಾಗ ಪಾಚಿಗೆ ಕಾಲೂರಲು ಪುರಸೊತ್ತು ಇರುವುದಿಲ್ಲ. ನೀರು ನಿಂತರೆ, ಬಿಸಿಲು ಬಿದ್ದರೆ, ತಿನ್ನಲು ಸಿಕ್ಕರೆ, ಅದು ಬಿಡುವುದಿಲ್ಲ.

ಪಾಚಿಗೂ ಭತ್ತಕ್ಕೂ ಬೇಕಾದ ಆಹಾರ ಒಂದೇ: ಸಾರಜನಕ ಮತ್ತು ರಂಜಕ. ಯೂರಿಯಾ ಮೂಟೆಯಲ್ಲಿರುವುದು ಮೊದಲನೆಯದು, ಡಿಎಪಿ ಅನ್ನುವ ಗೊಬ್ಬರದಲ್ಲಿ ಎರಡೂ ಇವೆ. ಗದ್ದೆಯಲ್ಲಿದ್ದರೆ ಬೆಳೆ, ಹೊಳೆಗೆ ಹೋದರೆ ಹೊಲಸು, ಅಷ್ಟೇ ವ್ಯತ್ಯಾಸ. ತಮಾಷೆ ಏನೆಂದರೆ, ಜಲಾಶಯದಲ್ಲಿ ನಾವು ಬೈಯುವ ನೀಲಿ-ಹಸಿರು ಪಾಚಿಯ ಬಂಧುಗಳನ್ನೇ ಕೃಷಿ ಇಲಾಖೆಯವರು ಭತ್ತದ ಗದ್ದೆಗೆ ಜೈವಿಕ ಗೊಬ್ಬರ ಅಂತ ಹೇಳಿಕೊಟ್ಟಿದ್ದಾರೆ. ಅವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನೇ ಹಿಡಿದುಕೊಳ್ಳಬಲ್ಲವು. ಗದ್ದೆಯಲ್ಲಿ ಅದು ಲಾಭ. ಜಲಾಶಯದಲ್ಲಿ ಅದೇ ತಲೆನೋವು, ಯಾಕೆ ಅಂತ ಮುಂದೆ ನೋಡೋಣ.

ಹೊಳೆಯ ಲೆಕ್ಕ, ರೈತನ ಲೆಕ್ಕ

ಇಡೀ ವಿಷಯದ ಗಂಟು ಇರುವುದು ಒಂದು ಸಣ್ಣ ಲೆಕ್ಕದಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಎಕರೆ ಹೊಲದಿಂದ ಮಳೆಗಾಲದಲ್ಲಿ 40 ಸೆಂಟಿಮೀಟರ್‌ನಷ್ಟು ನೀರು ಹರಿದು ಹಳ್ಳ ಸೇರಿತು ಅಂದುಕೊಳ್ಳಿ. ಅದು ಸುಮಾರು 16 ಲಕ್ಷ ಲೀಟರ್. ಆ ನೀರಿನ ಜೊತೆ ಬರೀ ಒಂದು ಕೆಜಿ ರಂಜಕ ಹೋಯಿತು ಅಂತಿಟ್ಟುಕೊಳ್ಳಿ. ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಆಯಿತು. ನಿಂತ ನೀರು ಹಸಿರಾಗಲು ಲೀಟರಿಗೆ ಸುಮಾರು 0.03 ಮಿಲಿಗ್ರಾಂ ರಂಜಕ ಇದ್ದರೆ ಸಾಕು. ಅಂದರೆ ಆ ಒಂದು ಕೆಜಿ, ಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟು. ಅದರಲ್ಲಿ ಒಂದು ಭಾಗ ಮಣ್ಣಿಗೆ ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ, ಪಾಚಿಗೆ ಪೂರ್ತಿ ಸಿಗುವುದಿಲ್ಲ. ಅದನ್ನು ಕಳೆದರೂ ಸಾಕಷ್ಟು ಉಳಿಯುತ್ತದೆ.

ಈಗ ಅದೇ ಒಂದು ಕೆಜಿಯನ್ನು ರೈತನ ಕಡೆಯಿಂದ ನೋಡಿ. 50 ಕೆಜಿ ಡಿಎಪಿ ಮೂಟೆಯಲ್ಲಿ ಶುದ್ಧ ರಂಜಕ ಇರುವುದು ಹತ್ತಿರ ಹತ್ತಿರ 10 ಕೆಜಿ. ಮೂಟೆಗೆ 1,350 ರೂಪಾಯಿ ಅಂದರೆ, ಕಳೆದುಹೋದ ಒಂದು ಕೆಜಿಯ ಬೆಲೆ 135 ರೂಪಾಯಿ. ಯಾರು ತಲೆಕೆಡಿಸಿಕೊಳ್ಳುತ್ತಾರೆ?

ಯೂರಿಯಾದ್ದು ಇನ್ನೂ ವಿಚಿತ್ರ. 45 ಕೆಜಿ ಮೂಟೆಯಲ್ಲಿ 46 ಪರ್ಸೆಂಟ್ ಸಾರಜನಕ, ಅಂದರೆ ಸುಮಾರು 20 ಕೆಜಿ. ಮೂಟೆ ಬೆಲೆ ಸುಮಾರು 266 ರೂಪಾಯಿ. ದಕ್ಷಿಣದ ನೀರಾವರಿ ಭತ್ತಕ್ಕೆ ಶಿಫಾರಸು ಎಕರೆಗೆ ಸುಮಾರು 40 ಕೆಜಿ ಸಾರಜನಕ. ಭತ್ತದ ಗದ್ದೆಗೆ ಎರಚಿದ ಸಾರಜನಕದಲ್ಲಿ ಬೆಳೆಗೆ ಸಿಗುವುದು ಸಾಮಾನ್ಯವಾಗಿ ಮೂವತ್ತರಿಂದ ನಲವತ್ತು ಪರ್ಸೆಂಟ್. ಉಳಿದದ್ದು ಗಾಳಿಗೋ, ನೀರಿಗೋ, ಮಣ್ಣಿಗೋ. ಎಕರೆಗೆ ಒಂದು ಮೂಟೆ ಪೂರ್ತಿ ವ್ಯರ್ಥವಾದರೂ ನಷ್ಟ ಒಂದು ಆಳಿನ ಒಂದು ದಿನದ ಕೂಲಿಗಿಂತ ಕಮ್ಮಿ. ಗೊಬ್ಬರವನ್ನು ಎರಡು ಸಲದ ಬದಲು ನಾಲ್ಕು ಸಲ ಹಂಚಿ ಹಾಕಿ ಅಂತ ನಾವು ಉಪದೇಶ ಮಾಡುತ್ತೇವೆ. ಎರಡು ಆಳು ಜಾಸ್ತಿ ಹಿಡಿದರೆ ಉಳಿಸಿದ ಯೂರಿಯಾಕ್ಕಿಂತ ಕೂಲಿಯೇ ಹೆಚ್ಚಾಗುತ್ತದೆ. ರೈತರಿಗೆ ಲೆಕ್ಕ ಬರುವುದಿಲ್ಲ ಅಂದುಕೊಳ್ಳಬೇಡಿ. ಬರುವುದರಿಂದಲೇ ಅವರು ಹಾಗೆ ಮಾಡುತ್ತಾರೆ.

ರೈತನ ಲೆಕ್ಕದಲ್ಲಿ ಚಿಲ್ಲರೆ, ಹೊಳೆಯ ಲೆಕ್ಕದಲ್ಲಿ ದುಬಾರಿ. ಈ ಅಂತರ ಇರುವ ತನಕ ಬರೀ ತಿಳಿವಳಿಕೆ ಶಿಬಿರದಿಂದ ಹೊಳೆ ತಿಳಿಯಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಸಿರಾದರೆ ಏನಾಯಿತು?

ಹಸಿರು ಬಣ್ಣ ನೋಡಲು ಚೆಂದವೇ. ತೊಂದರೆ ಶುರುವಾಗುವುದು ಪಾಚಿ ಸತ್ತ ಮೇಲೆ. ಸತ್ತ ಪಾಚಿ ತಳಕ್ಕೆ ಇಳಿದು ಕೊಳೆಯುತ್ತದೆ. ಕೊಳೆಸುವ ಜೀವಾಣುಗಳಿಗೆ ಆಮ್ಲಜನಕ ಬೇಕು. ಒಂದು ಕೆಜಿ ರಂಜಕದಿಂದ ಒಣ ತೂಕದಲ್ಲಿ ನೂರು ಕೆಜಿಗೂ ಜಾಸ್ತಿ ಪಾಚಿ ಬೆಳೆಯಬಲ್ಲದು. ಅಷ್ಟು ಪಾಚಿ ಕೊಳೆಯಲು ಸುಮಾರು 140 ಕೆಜಿ ಆಮ್ಲಜನಕ ಬೇಕು. ನಮ್ಮ ಸೀಮೆಯ ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಏಳೆಂಟು ಮಿಲಿಗ್ರಾಂ ಮಾತ್ರ. ಗುಣಿಸಿ ನೋಡಿದರೆ ಒಂದೂ ಮುಕ್ಕಾಲು ಕೋಟಿ ಲೀಟರ್ ನೀರಿನ ಆಮ್ಲಜನಕ ಒಂದು ಕೆಜಿ ರಂಜಕಕ್ಕೆ ಬಲಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಇದಕ್ಕೇ. ರಾತ್ರಿಯಿಡೀ ಪಾಚಿಯೂ ಉಸಿರಾಡಿರುತ್ತದೆ, ಹೊಸ ಆಮ್ಲಜನಕ ಹುಟ್ಟಿರುವುದಿಲ್ಲ.

ಇದು ದೊಡ್ಡದಾಗಿ ನಡೆದರೆ ಹೇಗಿರುತ್ತದೆ ಅನ್ನುವುದಕ್ಕೆ ಅಮೆರಿಕದ ಮಿಸಿಸಿಪ್ಪಿ ನದಿ ಸಾಕ್ಷಿ. ಅಲ್ಲಿನ ಮೆಕ್ಕೆಜೋಳ, ಸೋಯಾ ಹೊಲಗಳ ಸಾರಜನಕ ಹೊತ್ತು ನದಿ ಮೆಕ್ಸಿಕೊ ಕೊಲ್ಲಿ ಸೇರುತ್ತದೆ. ಪ್ರತಿ ಬೇಸಿಗೆಯಲ್ಲಿ ಅಲ್ಲಿ ಸಮುದ್ರದ ತಳದ ನೀರು ಉಸಿರುಗಟ್ಟುತ್ತದೆ. 2017ರಲ್ಲಿ ಆ ಪ್ರದೇಶ 22,700 ಚದರ ಕಿಲೋಮೀಟರ್ ದಾಟಿತ್ತು. ಕರ್ನಾಟಕದ ಎಂಟನೇ ಒಂದು ಭಾಗದಷ್ಟು.

ಕೆಲವು ಪಾಚಿ ವಿಷ ಬಿಡುತ್ತವೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಈರಿ ಸರೋವರದ ದಡದ ಟೊಲೆಡೊ ನಗರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಅಂತ ಹೇಳಬೇಕಾಯಿತು. ಕುದಿಸಿ ಕುಡಿಯಿರಿ ಅನ್ನುವ ಹಾಗೂ ಇರಲಿಲ್ಲ. ಕುದಿಸಿದರೆ ಆ ವಿಷ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಆ ಪಾಚಿಗೆ ರಂಜಕ ತಂದುಕೊಟ್ಟಿದ್ದು ಮುಖ್ಯವಾಗಿ ಮೌಮೀ ನದಿ, ಅದರ ಇಕ್ಕೆಲದ ಹೊಲಗಳಿಂದ.

ಸಾರಜನಕ ನೀರಿನ ಜೊತೆ, ರಂಜಕ ಮಣ್ಣಿನ ಜೊತೆ

ಪರಿಹಾರದ ಮಾತಿಗೆ ಮೊದಲು ಇದೊಂದು ತಿಳಿದಿರಬೇಕು. ಎರಡೂ ಪೋಷಕಾಂಶಗಳು ಹೊಲ ಬಿಡುವ ದಾರಿ ಬೇರೆ ಬೇರೆ.

ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನದಲ್ಲಿ ಅಮೋನಿಯಂ ಆಗುತ್ತದೆ. ಅಮೋನಿಯಂ ಕಣಕ್ಕೆ ಧನ ವಿದ್ಯುದಂಶ, ಜೇಡಿಮಣ್ಣಿಗೆ ಋಣ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್‌ಗೂ ಋಣ ವಿದ್ಯುದಂಶ, ಮಣ್ಣಿಗೂ ಋಣ. ಹಿಡಿದುಕೊಳ್ಳುವವರೇ ಇಲ್ಲ. ನೀರು ಹೋದ ಕಡೆ ಹೋಗುತ್ತದೆ: ಹಳ್ಳಕ್ಕೆ, ಬಾವಿಗೆ, ಬೋರ್‌ವೆಲ್‌ಗೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳಲ್ಲಿ ಸುಮಾರು 49 ಪರ್ಸೆಂಟ್ ನೈಟ್ರೇಟ್ ಮಿತಿ ದಾಟಿದ್ದವು. ರಾಜಸ್ಥಾನ ಬಿಟ್ಟರೆ ನಾವೇ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಎಳೆ ಮಗುವಿಗೆ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಸಾಗಿಸಲು ಆಗದೆ ಮೈ ನೀಲಿಗಟ್ಟುವ ಅಪಾಯ ಇದೆ. ಬಾವಿಯ ನೈಟ್ರೇಟ್ ಪೂರ್ತಿ ಗೊಬ್ಬರದ್ದೇ ಅನ್ನುವಂತಿಲ್ಲ. ಊರೊಳಗಿನ ಬಾವಿಯಾದರೆ ಪಾಯಿಖಾನೆ ಗುಂಡಿ, ತಿಪ್ಪೆಗಳ ಪಾಲು ದೊಡ್ಡದು.

ರಂಜಕದ ಸ್ವಭಾವ ಉಲ್ಟಾ. ಅದು ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗೆ, ಕಪ್ಪು ಮಣ್ಣಿನಲ್ಲಿ ಸುಣ್ಣಕ್ಕೆ ಅಂಟಿಕೊಂಡು ಕೂರುತ್ತದೆ. ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದು ಹೊರಡುವುದು ಮಣ್ಣು ಕೊಚ್ಚಿ ಹೋದಾಗ. ತುಂಗಭದ್ರಾ ಜಲಾಶಯ 1953ರಲ್ಲಿ ಮುಗಿದಾಗ ಅದರ ಸಾಮರ್ಥ್ಯ 133 ಟಿಎಂಸಿ. ಈಗ 105.788. ಮಧ್ಯದ 27 ಟಿಎಂಸಿ ಜಾಗದಲ್ಲಿ ಹೂಳು ತುಂಬಿದೆ. ಹೂಳಿನ ಬಗ್ಗೆ ನಾವು ಮಾತಾಡುವುದೆಲ್ಲ ನೀರು ನಿಲ್ಲಲು ಜಾಗ ಹೋಯಿತು ಅಂತ. ಅದರಲ್ಲಿ ಒಂದು ಪಾಲು ಹೊಲಗಳ ಮೇಲ್ಮಣ್ಣು, ಅಂದರೆ ರೈತರು ದುಡ್ಡು ಕೊಟ್ಟು ಹಾಕಿದ ರಂಜಕ ಇರುವ ಮಣ್ಣು. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡರಲ್ಲಿ ಯಾವುದನ್ನು ತಡೆದರೆ ನೀರು ತಿಳಿಯಾಗುತ್ತದೆ? ಇದಕ್ಕೆ ಕೆನಡಾದಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಒಂಟಾರಿಯೊದ ಒಂದು ಸಣ್ಣ ಸರೋವರದ ನಡುವೆ ಪರದೆ ಕಟ್ಟಿದರು. ಎರಡೂ ಕಡೆಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಅರ್ಧ ಹಸಿರಾಯಿತು, ಇನ್ನರ್ಧ ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಫೋಟೊ ನೋಡಿದರೆ ಬೇರೆ ವಿವರಣೆ ಬೇಕಿಲ್ಲ. ಸಿಹಿನೀರಿನಲ್ಲಿ ಸಾರಜನಕ ಕಮ್ಮಿಯಾದರೆ ಕೆಲವು ನೀಲಿ-ಹಸಿರು ಪಾಚಿ ಗಾಳಿಯಿಂದ ತಂದುಕೊಳ್ಳುತ್ತವೆ. ರಂಜಕ ಗಾಳಿಯಲ್ಲಿ ಸಿಗುವುದಿಲ್ಲ. ಸಮುದ್ರದ ಕಡೆ ಸಾಮಾನ್ಯವಾಗಿ ಸಾರಜನಕವೇ ಮುಖ್ಯವಾಗುತ್ತದೆ. ಹಾಗಾಗಿ ಜಲಾಶಯಕ್ಕಾಗಿ ರಂಜಕ, ಬಾವಿ ಮತ್ತು ಕಡಲಿಗಾಗಿ ಸಾರಜನಕ, ಎರಡನ್ನೂ ಹಿಡಿಯಲೇಬೇಕು.

ಗದ್ದೆಯಲ್ಲಿ ಏನು ಮಾಡಬಹುದು

ಮೇಲುಗೊಬ್ಬರ ಹಾಕುವ ದಿನ ಒಂದು ಗದ್ದೆಯಲ್ಲಿ ಏನಾಗುತ್ತದೆ ನೋಡಿ. ನಾಟಿ ಆಗಿ ಮೂರು ವಾರ. ಗದ್ದೆ ತುಂಬ ನೀರು. ಯೂರಿಯಾ ಎರಚುತ್ತಾರೆ, ಹರಳು ನೀರಲ್ಲಿ ಕರಗುತ್ತದೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ ನೀರು ಹರಿಯುತ್ತಲೇ ಇರುತ್ತದೆ. ಬದುವಿನ ಕಂಡಿ ತೆರೆದೇ ಇದೆ. ಸಂಜೆ ಹೊತ್ತಿಗೆ ಒಂದು ಪಾಲು ಬಸಿಗಾಲುವೆಗೆ. ಮಧ್ಯಾಹ್ನದ ಬಿಸಿಲಲ್ಲಿ ಗದ್ದೆ ನೀರಿನ ಪಾಚಿಯಿಂದಾಗಿ ಕ್ಷಾರ ಏರಿ ಇನ್ನೊಂದು ಪಾಲು ಅಮೋನಿಯಾ ಆಗಿ ಗಾಳಿಗೆ. ನಷ್ಟ ಬಹುಪಾಲು ಆಗುವುದು ಈ ಮೊದಲ ಕೆಲವು ದಿನಗಳಲ್ಲೇ.

ಹಾಗಾದರೆ ಪರಿಹಾರವೂ ಆ ಕೆಲವು ದಿನಗಳಲ್ಲೇ ಇರಬೇಕು, ಅಲ್ವಾ? ಎರಚುವ ಮುಂಚೆ ನೀರು ಇಳಿಸಿ, ಮಣ್ಣು ಕೆಸರಾಗಿರುವಾಗ ಯೂರಿಯಾ ಹಾಕಿ, ಕೈಯಾಡಿಸಿ ಕಳೆ ಕೀಳುವಾಗ ಕೆಸರಿಗೆ ಸೇರಿಸಿ, ಆಮೇಲೆ ನೀರು ಕಟ್ಟಿ, ನಾಲ್ಕೈದು ದಿನ ಕಂಡಿ ಮುಚ್ಚಿಡುವುದು. ಖರ್ಚು ಸೊನ್ನೆ. ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ರೈತರಿಗೆ ಹೇಳಬೇಕಾದ್ದು ಒಂದೇ ಒಂದಿದ್ದರೆ ಇದೇ. ತೊಡಕು ಒಂದೇ: ಗದ್ದೆಯಿಂದ ಗದ್ದೆಗೆ ನೀರು ಬಿಡುವ ಕಡೆ ನಾನು ಕಂಡಿ ಮುಚ್ಚಿದರೆ ಕೆಳಗಿನವರ ಗದ್ದೆ ಒಣಗುತ್ತದೆ, ಜಗಳ ಗ್ಯಾರಂಟಿ. ಒಂದು ತೂಬಿನ ಕೆಳಗಿನವರೆಲ್ಲ ಒಂದೇ ದಿನ ಗೊಬ್ಬರ ಹಾಕುವ ಒಪ್ಪಂದ ಮಾಡಿಕೊಂಡರೆ ಮಾತ್ರ ಇದು ನಡೆಯುತ್ತದೆ. ನೀರು ಬಳಕೆದಾರರ ಸಂಘಗಳು ಇಂಥ ಕೆಲಸಕ್ಕೇ ಇರಬೇಕಾದವು.

ಎಷ್ಟು ಹಾಕಬೇಕು ಅನ್ನುವುದಕ್ಕೆ ಎಲೆ ಬಣ್ಣದ ಪಟ್ಟಿ ಅಂತ ಒಂದಿದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹರಡಿದ್ದು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ತಿಳಿ ಹಸಿರಿನಿಂದ ಕಡು ಹಸಿರಿನ ತನಕ ನಾಲ್ಕೋ ಆರೋ ಬಣ್ಣ. ನಾಟಿ ಮಾಡಿದ ಎರಡು ವಾರದ ಮೇಲೆ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಬೆಳಗ್ಗೆ ಗದ್ದೆಗೆ ಹೋಗಿ ಹತ್ತು ಬುಡಗಳಲ್ಲಿ ಪೂರ್ತಿ ಬಿಚ್ಚಿದ ಹೊಸ ಎಲೆಯ ನಡುಭಾಗವನ್ನು ಪಟ್ಟಿಯ ಮೇಲೆ ಇಟ್ಟು ನೋಡಬೇಕು. ಬಿಸಿಲು ನೇರ ಬೀಳದಂತೆ ಮೈಯ ನೆರಳು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬಣ್ಣ ಮೋಸ ಮಾಡುತ್ತದೆ. ಹತ್ತರಲ್ಲಿ ಆರು ಎಲೆ ಗೊತ್ತುಮಾಡಿದ ಬಣ್ಣಕ್ಕಿಂತ ತಿಳಿಯಾಗಿದ್ದರೆ ಒಂದು ಕಂತು ಯೂರಿಯಾ. ಇಲ್ಲದಿದ್ದರೆ ಸುಮ್ನೆ ಮನೆಗೆ ಬರುವುದು. ಪಕ್ಕದವರ ಗದ್ದೆ ಕಡು ಹಸಿರಾಗಿದೆ ಅಂತ ನಾವೂ ಸುರಿಯುವ ಚಾಳಿಗೆ ಇದು ಒಳ್ಳೆ ಮದ್ದು. ಕಡು ಹಸಿರು ಗದ್ದೆಗೆ ಕಂದು ಜಿಗಿಹುಳು, ಬೆಂಕಿ ರೋಗ ಬೇಗ ಬರುತ್ತವೆ, ಗಾಳಿ ಬೀಸಿದರೆ ಬೆಳೆ ಮಲಗುತ್ತದೆ. ಇಲ್ಲಿ ಮಾತ್ರ ರೈತನ ಲೆಕ್ಕ, ಹೊಳೆಯ ಲೆಕ್ಕ ಎರಡೂ ಒಂದೇ ಕಡೆ ವಾಲುತ್ತವೆ: ಉಳಿಯುವುದು ಯೂರಿಯಾ ದುಡ್ಡಲ್ಲ, ಔಷಧಿ ಹೊಡೆಯುವ ದುಡ್ಡು.

ಬಾಂಗ್ಲಾದೇಶದಲ್ಲಿ ಯೂರಿಯಾವನ್ನು ಗುಂಡಿನಂತೆ ಒತ್ತಿ ನಾಲ್ಕು ಬುಡಗಳ ನಡುವೆ ಏಳರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಹೂಳುತ್ತಾರೆ. ಸುಮಾರು ಮೂರನೇ ಒಂದು ಭಾಗ ಯೂರಿಯಾ ಉಳಿಯುತ್ತದೆ. ಬಗ್ಗಿ ಹೂಳಲು ಆಳು ಬೇಕಲ್ಲ, ನಮ್ಮಲ್ಲಿ ಅದು ನಡೆಯುವುದು ಕಷ್ಟ. 2015ರಿಂದ ನಮಗೆ ಸಿಗುವ ಯೂರಿಯಾ ಎಲ್ಲ ಬೇವು ಲೇಪಿತ. ಬೇವಿನ ಎಣ್ಣೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾವನ್ನು ಸ್ವಲ್ಪ ನಿಧಾನ ಮಾಡುತ್ತದೆ. ಸ್ವಲ್ಪ ಮಾತ್ರ. ತೆರೆದ ಕಂಡಿಯಿಂದ ಹರಿದು ಹೋಗುವುದನ್ನು ಬೇವು ತಡೆಯುವುದಿಲ್ಲ.

ಮೆಕ್ಕೆಜೋಳದ್ದು ಬೇರೆ ಕಥೆ. ಅಲ್ಲಿ ಹಸಿ ಬೇಕು, ಹಾಗಾಗಿ ಮಳೆ ನೋಡಿಕೊಂಡೇ ಯೂರಿಯಾ ಹಾಕುತ್ತಾರೆ. ಜಿಟಿ ಜಿಟಿ ಮಳೆ ಗೊಬ್ಬರವನ್ನು ಬೇರಿಗೆ ಇಳಿಸುತ್ತದೆ, ಜಡಿಮಳೆ ಹಳ್ಳಕ್ಕೆ ಇಳಿಸುತ್ತದೆ. ಸಾಲಿನ ಮಗ್ಗುಲಲ್ಲಿ ಹಾಕಿ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿದರೆ ಅರ್ಧ ಗೆದ್ದ ಹಾಗೆ. ಮಳೆ ಮುನ್ಸೂಚನೆ ಕೇಳಲು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇದೆ. ಕಬ್ಬಿಗೆ ಹನಿ ನೀರಾವರಿ ಇದ್ದವರು ಗೊಬ್ಬರವನ್ನು ನೀರಲ್ಲೇ ಕರಗಿಸಿ ಸ್ವಲ್ಪ ಸ್ವಲ್ಪವೇ ಕೊಡಬಹುದು, ಅದಕ್ಕೆ ಆಳೂ ಬೇಡ.

ರಂಜಕಕ್ಕೆ ಬಂದರೆ, ಮೊದಲ ಪ್ರಶ್ನೆ ಬೇಕೇ ಬೇಡವೇ ಅನ್ನುವುದು. ಒಂದು ಟನ್ ಭತ್ತದ ಜೊತೆ ಹೊಲದಿಂದ ಹೋಗುವ ರಂಜಕ ಎರಡು ಮೂರು ಕೆಜಿ. ವರ್ಷಕ್ಕೆ ಎರಡು ಬೆಳೆಗೂ ಮೂಟೆಗಟ್ಟಲೆ ಡಿಎಪಿ ಹಾಕುತ್ತಾ ಬಂದ ಗದ್ದೆಯಲ್ಲಿ ಹಳೆಯದೇ ಕೂಡಿಬಿದ್ದಿರುತ್ತದೆ. ಮಣ್ಣು ಪರೀಕ್ಷೆಯಲ್ಲಿ ರಂಜಕ ಜಾಸ್ತಿ ಅಂತ ಬಂದರೆ ಒಂದೆರಡು ಬೆಳೆಗೆ ಕೈಬಿಟ್ಟರೂ ಇಳುವರಿ ಅಲ್ಲಾಡುವುದು ಅಪರೂಪ. ಕರ್ನಾಟಕದಲ್ಲಿ 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಹಳ್ಳಿ ಹಳ್ಳಿಯ ಮಣ್ಣು ಪರೀಕ್ಷೆ ಮಾಡಿದಾಗ ಎದ್ದು ಕಂಡ ಕೊರತೆ ಸತು, ಬೋರಾನ್, ಗಂಧಕದ್ದು. ನಾವು ಸುರಿಯುವುದು ಒಂದು, ಮಣ್ಣು ಕೇಳುವುದು ಇನ್ನೊಂದು.

ಎರಡನೆಯದು ಮಣ್ಣನ್ನು ಹೊಲದಲ್ಲೇ ನಿಲ್ಲಿಸುವುದು. ಇದರಲ್ಲಿ ಹೊಸತೇನೂ ಇಲ್ಲ. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬದು, ಬದುವಿನ ಮೇಲೆ ಹುಲ್ಲು. ಹಳ್ಳದ ಅಂಚಿನ ತನಕ ಉಳದೆ ಹತ್ತು ಮೀಟರಿನಷ್ಟು ಹುಲ್ಲು, ಹೊಂಗೆ, ಬಿದಿರು ಬಿಟ್ಟರೆ ಹರಿದು ಬರುವ ನೀರಿನ ವೇಗ ಮುರಿದು ಮಣ್ಣು ಅಲ್ಲೇ ಕೂರುತ್ತದೆ. ಆದರೆ ನೀರು ಹರಡಿಕೊಂಡು ಬಂದರೆ ಮಾತ್ರ. ಕೊರಕಲು ಬಿದ್ದು ಒಂದೇ ಕಡೆ ನುಗ್ಗಿದರೆ ಎಷ್ಟು ಅಗಲದ ಹುಲ್ಲಿದ್ದರೂ ಸೀಳಿಕೊಂಡು ಹೋಗುತ್ತದೆ. ಎಲ್ಲ ಕಡೆ ಒಂದೇ ಅಳತೆಯ ಪಟ್ಟಿ ಬಿಡಿ ಅನ್ನುವುದಕ್ಕಿಂತ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊಲ ಸುತ್ತಿ ಕೆಂಪು ನೀರು ಎಲ್ಲಿ ನುಗ್ಗುತ್ತದೆ ಅಂತ ನೋಡುವುದು ಮೇಲು. ಇರುವ ಶಕ್ತಿ ದುಡ್ಡು ಎರಡನ್ನೂ ಅಲ್ಲಿ ಹಾಕಬೇಕು.

ಅಂಥ ಜಾಗದಲ್ಲಿ ಒಂದು ಕೃಷಿ ಹೊಂಡ ಇದ್ದರೆ ಅದು ನೀರಿನ ಜೊತೆ ಮಣ್ಣನ್ನೂ ಹಿಡಿಯುತ್ತದೆ. ಬೇಸಿಗೆಯಲ್ಲಿ ತಳದ ಗೋಡು ತೆಗೆದು ಹೊಲಕ್ಕೆ ಹೊಡೆಯಬೇಕು. ಕೆರೆಗೋಡು ಹೊಡೆಯುವುದು ನಮ್ಮ ಹಿರಿಯರಿಗೆ ಗೊಬ್ಬರದ ಲೆಕ್ಕವೇ ಆಗಿತ್ತು. ಗಾಡಿ ಕಟ್ಟಿಕೊಂಡು ಹೋಗಿ ಕಳೆದುಹೋದ ರಂಜಕವನ್ನು ವಾಪಸ್ ತರುತ್ತಿದ್ದರು, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಸೊಸೈಟಿ ಮುಂದಿನ ಸಾಲು

ಗೊಬ್ಬರವೇ ಬೇಡ ಅಂದುಬಿಟ್ಟರೆ? ಶ್ರೀಲಂಕಾ 2021ರಲ್ಲಿ ಹಾಗೆ ಮಾಡಿ ನೋಡಿತು. ರಾಸಾಯನಿಕ ಗೊಬ್ಬರದ ಆಮದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರು. ಭತ್ತದ ಇಳುವರಿ ಕುಸಿಯಿತು, ಅದೇ ವರ್ಷ ನವೆಂಬರ್‌ನಲ್ಲಿ ನಿಷೇಧ ವಾಪಸ್. ಕೊಟ್ಟಿಗೆ ಗೊಬ್ಬರವೂ ಅತಿಯಾದರೆ, ಹೊತ್ತಲ್ಲದ ಹೊತ್ತಲ್ಲಿ ಹಾಕಿದರೆ, ಹೊಳೆಗೇ ಹೋಗುತ್ತದೆ. ಹಳ್ಳದ ದಂಡೆಯ ಮೇಲಿರುವ ತಿಪ್ಪೆಯನ್ನು ಜೋರು ಮಳೆಯಲ್ಲಿ ನೋಡಿದರೆ ಗೊತ್ತಾಗುತ್ತದೆ.

ನಿಜವಾದ ಗೋಜಲು ಬೆಲೆಯಲ್ಲಿದೆ. 2010ರಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶದ ಮೇಲೆ ಸಬ್ಸಿಡಿ ಕೊಡುವ ಪದ್ಧತಿ ತಂದಿತು, ಯೂರಿಯಾವನ್ನು ಅದರಿಂದ ಹೊರಗಿಟ್ಟಿತು. ಉಳಿದವು ತುಟ್ಟಿಯಾದವು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ಯಾವುದು ಅಗ್ಗವೋ ಅದನ್ನು ಜಾಸ್ತಿ ಹಾಕುವುದು ಸಹಜ.

ಬೆಲೆಗಿಂತ ಕೆಟ್ಟದ್ದು ಪೂರೈಕೆ. 2025ರ ಮುಂಗಾರಿನಲ್ಲಿ ಕರ್ನಾಟಕದ ಎಷ್ಟೋ ಕಡೆ ಯೂರಿಯಾ ಸಿಗದೆ ರೈತರು ಸೊಸೈಟಿಗಳ ಮುಂದೆ ಸಾಲು ನಿಂತರು. ಹೀಗೆ ಸಾಲು ನಿಂತು ಎರಡು ಮೂಟೆ ಪಡೆದವರಿಗೆ ಅದನ್ನು ಮೂರು ಕಂತು ಮಾಡಿ, ಎಲೆ ಬಣ್ಣ ನೋಡಿ ಹಾಕಿ ಅಂದರೆ ನಗುತ್ತಾರೆ. ಮುಂದಿನ ಕಂತಿಗೆ ಸಿಗುತ್ತದೋ ಇಲ್ಲವೋ ಅನ್ನುವ ಭಯ ಇರುವಾಗ ಬಂದದ್ದನ್ನು ಬಂದ ದಿನವೇ ಹಾಕಿ ಮುಗಿಸುತ್ತಾರೆ. ಅಭಾವದಲ್ಲೂ ಹೊಳೆಗೆ ಹೋಗುವ ಪಾಲು ಹೋಗಿಯೇ ಹೋಗುತ್ತದೆ. ಬೆಳೆಯ ವಯಸ್ಸಿಗೆ ಸರಿಯಾಗಿ, ಇಷ್ಟನೇ ವಾರ ಇಷ್ಟು ಅಂತ ನಂಬುವಂತೆ ಗೊಬ್ಬರ ಕೊಟ್ಟರೆ ಅದೇ ದೊಡ್ಡ ನದಿ ಸಂರಕ್ಷಣಾ ಕಾರ್ಯಕ್ರಮ ಅಂತ ನನಗನಿಸುತ್ತದೆ.

ಬೇರೆ ದೇಶದವರು ಗೆದ್ದಿದ್ದಾರೆಯೇ? ಡೆನ್ಮಾರ್ಕ್ ತಕ್ಕಮಟ್ಟಿಗೆ ಗೆದ್ದಿದೆ. 1986ರಲ್ಲಿ ಅಲ್ಲಿ ಸಮುದ್ರದಿಂದ ಸತ್ತ ಸಿಗಡಿಯಂಥ ಜೀವಿಗಳು ಬಲೆಗೆ ಬಿದ್ದಿದ್ದನ್ನು ಟಿವಿಯಲ್ಲಿ ನೋಡಿ ಜನ ದಂಗಾದರು. ಮರುವರ್ಷವೇ ಸಂಸತ್ತು ಸಾರಜನಕ ಅರ್ಧಕ್ಕೆ, ರಂಜಕ ಐದನೇ ಒಂದು ಭಾಗಕ್ಕೆ ಇಳಿಯಬೇಕು ಅಂತ ಗುರಿ ಹಾಕಿತು. ಊರುಗಳ ಕೊಳಚೆ ಶುದ್ಧೀಕರಿಸಿ ರಂಜಕವನ್ನು ಬೇಗನೆ ಇಳಿಸಿದರು. ಹೊಲದ ಸಾರಜನಕ ಮಾತ್ರ ದಶಕಗಟ್ಟಲೆ ಸತಾಯಿಸಿತು. ಪ್ರತಿ ರೈತ ಗೊಬ್ಬರದ ಲೆಕ್ಕ ಸರ್ಕಾರಕ್ಕೆ ಕೊಡಬೇಕು, ಸಗಣಿ ಗಂಜಲವನ್ನು ಒಂಬತ್ತು ತಿಂಗಳವರೆಗೆ ತೊಟ್ಟಿಯಲ್ಲಿ ಇಡುವ ವ್ಯವಸ್ಥೆ ಬೇಕು, ಕೊಯ್ಲಾದ ಮೇಲೆ ನೆಲ ಬರಿದಾಗಿ ಬಿಡದೆ ಮಧ್ಯಂತರ ಬೆಳೆ ಹಾಕಬೇಕು. ಒಂದು ಹಂತದಲ್ಲಿ ಲಾಭಕ್ಕೆ ಬೇಕಾದ್ದಕ್ಕಿಂತಲೂ ಕಮ್ಮಿ ಸಾರಜನಕ ಹಾಕಿ ಅಂದರು. ಗೋಧಿಯಲ್ಲಿ ಪ್ರೋಟೀನ್ ಇಳಿಯಿತು ಅಂತ ರೈತರು ಸಿಟ್ಟಾದರು, 2015ರಲ್ಲಿ ಆ ನಿಯಮ ಸಡಿಲವಾಯಿತು. 2024ರಲ್ಲಿ ಮತ್ತೆ ಹೊಸ ಒಪ್ಪಂದ, ಒಂದಷ್ಟು ಕೃಷಿಭೂಮಿಯನ್ನೇ ಕಾಡು, ಜೌಗಿಗೆ ಬಿಡುವುದು. ಹೆಚ್ಚು ಕಮ್ಮಿ ನಲವತ್ತು ವರ್ಷವಾದರೂ ಅವರ ಕೊಲ್ಲಿಗಳು ಪೂರ್ತಿ ಸುಧಾರಿಸಿಲ್ಲ. ರೈತರ ಸಂಖ್ಯೆ ಹತ್ತಾರು ಸಾವಿರದಷ್ಟೇ ಇರುವ ದೇಶದ ಪಾಡು ಇದು. ಒಂದೆರಡು ಎಕರೆಯ ಲಕ್ಷಾಂತರ ರೈತರಿರುವ ನಮ್ಮಲ್ಲಿ ಮನೆಮನೆಗೆ ಗೊಬ್ಬರದ ಲೆಕ್ಕ ಕೇಳುವುದು ನಡೆಯುವ ಮಾತಲ್ಲ. ತೂಬಿನ ಮಟ್ಟದಲ್ಲಿ, ಹಳ್ಳದ ಮಟ್ಟದಲ್ಲಿ ಕೇಳಬಹುದು.

ಚರಂಡಿಯ ಮಾತನ್ನೂ ಬಿಡುವ ಹಾಗಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ಲೆಕ್ಕದಲ್ಲಿ ದೇಶದ ಪಟ್ಟಣಗಳಿಂದ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ, ಶುದ್ಧೀಕರಣ ಘಟಕಗಳ ಸಾಮರ್ಥ್ಯ 31,841. ಗೊಬ್ಬರ ಬರುವುದು ಬೆಳೆಗಾಲದಲ್ಲಿ, ಅದೂ ಹೆಚ್ಚಾಗಿ ಕೆಲವೇ ದೊಡ್ಡ ಮಳೆಗಳಲ್ಲಿ. ಚರಂಡಿ ಬರುವುದು ವರ್ಷಪೂರ್ತಿ, ಬೇಸಿಗೆಯಲ್ಲಿ ಹೊಳೆ ಸಣ್ಣಗಾದಾಗಲೂ. ಅದನ್ನು ಹಾಗೇ ಬಿಟ್ಟು ರೈತರಿಗೆ ಪಾಠ ಹೇಳಲು ಹೋದರೆ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಕೊನೆಗೆ ಅಳತೆಯ ಮಾತು. ಜಲಾಶಯದ ತಳದ ಹೂಳಿನಲ್ಲಿ ದಶಕಗಳ ರಂಜಕ ಇದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣಕ್ಕೆ ಅಂಟಿದ್ದ ರಂಜಕ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ಮೇಲಿನವರೆಲ್ಲ ಇವತ್ತೇ ಸರಿಹೋದರೂ ಹೊಸಪೇಟೆಯ ನೀರು ಇನ್ನೂ ಕೆಲವು ವರ್ಷ ಹಸಿರಾಗುತ್ತಲೇ ಇರಬಹುದು. ಅಲ್ಲಿ ಅಳೆದು ಏನೂ ಉಪಯೋಗವಾಗಲಿಲ್ಲ ಅಂತ ಕೈಚೆಲ್ಲುವುದು ಸುಲಭ. ಅಳೆಯಬೇಕಾದ್ದು ಮೇಲೆ, ಹತ್ತಿಪ್ಪತ್ತು ಹೊಲಗಳ ನೀರು ಸೇರುವ ಸಣ್ಣ ಹಳ್ಳಗಳಲ್ಲಿ. ಅದೂ ತಿಂಗಳಿಗೊಮ್ಮೆ ರಿಜಿಸ್ಟರ್ ತುಂಬಿಸಲು ಹೋಗಿ ಒಂದು ಬಾಟಲಿ ತುಂಬಿಕೊಂಡು ಬಂದರೆ ಸಾಲದು. ಮುಂಗಾರಿನ ಮೊದಲ ದೊಡ್ಡ ಮಳೆಯ ದಿನ, ನೀರು ಏರುತ್ತಿರುವಾಗ ಹಿಡಿಯಬೇಕು. ಕಂಡಿ ಮುಚ್ಚಿದ ಊರಿನ ಹಳ್ಳಕ್ಕೂ ಮುಚ್ಚದ ಊರಿನ ಹಳ್ಳಕ್ಕೂ ವ್ಯತ್ಯಾಸ ಇದ್ದರೆ ಎರಡು ಮೂರು ಮಳೆಗಾಲದೊಳಗೆ ಅಲ್ಲಿ ಕಾಣುತ್ತದೆ.